ಟ್ರೇಲರ್ ಓಡುತ್ತಿರುವಾಗ ಫ್ರಿಜ್‌ಗೆ ಕರೆಂಟು ಎಲ್ಲಿಂದ ಬರಬೇಕು?

ಪ್ರಶ್ನೆ: ಕಳೆದ ವರ್ಷ ವಾಹನದ ಹಿಂದೆ ಕಟ್ಟಿ ಎಳೆಯುವ, ಒಳಗೆ ತಂಗಬಹುದಾದ ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೇಲರ್ ಕೊಂಡೆವು. ಹಳೆಯ ಮಾಲೀಕರು ಅದರಲ್ಲಿದ್ದ ಗ್ಯಾಸ್ ಫ್ರಿಜ್ ತೆಗೆಸಿ, ಮನೆಯಲ್ಲಿ ಬಳಸುವಂಥ 300 ಲೀಟರಿನ ಫ್ರಿಜ್ ಕೂರಿಸಿದ್ದಾರೆ. ಜೊತೆಗೆ ಒಂದು ಇನ್‌ವರ್ಟರ್, 100 ಆಂಪ್-ಅವರ್‌ನ ಒಂದು ಲೆಡ್ ಬ್ಯಾಟರಿ. ತಂಗುವ ಜಾಗದಲ್ಲಿ ಪ್ಲಗ್ ಹಾಕಿಕೊಂಡರೆ ಏನೂ ತೊಂದರೆಯಿಲ್ಲ. ಆರೇಳು ಗಂಟೆ ಪ್ರಯಾಣ ಮಾಡಿದರೆ ಮಾತ್ರ ಅರ್ಧ ದಾರಿಯಲ್ಲೇ ಇನ್‌ವರ್ಟರ್ ಕೂಗಿಕೊಂಡು ನಿಂತುಬಿಡುತ್ತದೆ. ತಲುಪುವ ಹೊತ್ತಿಗೆ ಹಾಲು ಕೆಟ್ಟಿರುತ್ತದೆ. ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ನಮ್ಮ ವಾಹನದ ಆಲ್ಟರ್ನೇಟರ್ 180 ಆಂಪ್‌ನದು. ಟ್ರೇಲರಿನ ಪ್ಲಗ್ ಜೋಡಿಸುವ ಏಳು ಪಿನ್ನಿನ ಸಾಕೆಟ್ಟಿನಿಂದ ಟ್ರೇಲರ್ ಬ್ಯಾಟರಿಗೆ ಚಾರ್ಜ್ ಹೋಗುತ್ತಿದ್ದರೂ ಅದು ಏಕೆ ಇಳಿಯುತ್ತದೆ? ಓಡುವಾಗ ಕಂಪ್ರೆಸರ್ ನಡೆಸಿದರೆ ಹಾಳಾಗುತ್ತದೆ ಎಂದು ಒಬ್ಬರು ಹೇಳುತ್ತಾರೆ. ಮುಂಭಾಗದಲ್ಲಿ ಸಣ್ಣ ಜನರೇಟರ್ ಇಟ್ಟು ನಡೆಸಿ ಎಂದು ಇನ್ನೊಬ್ಬರು. ಅತ್ತೆಯವರ ಇನ್ಸುಲಿನ್ ಕೂಡ ಅದೇ ಫ್ರಿಜ್ಜಿನಲ್ಲಿರುತ್ತದೆ, ಹಾಗಾಗಿ ಗಾಬರಿ. ದಯವಿಟ್ಟು ದಾರಿ ತೋರಿಸಿ.

ಉತ್ತರ: ಮೊದಲು ಇನ್ಸುಲಿನ್ ವಿಚಾರ ಮುಗಿಸೋಣ, ಮುಂದಿನ ಪ್ರಯಾಣದವರೆಗೂ ಅದು ಕಾಯುವಂಥದ್ದಲ್ಲ. ಅದನ್ನು ಟ್ರೇಲರಿನ ಫ್ರಿಜ್ಜಿನಿಂದ ತೆಗೆದು ನೀವು ಕೂರುವ ವಾಹನದೊಳಗೆ ಇಟ್ಟುಕೊಳ್ಳಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಲೇಬಾರದು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದ ಮೇಲೂ ಬಳಸುವಂತಿಲ್ಲ. ಸಣ್ಣ ಇನ್ಸುಲೇಟೆಡ್ ಡಬ್ಬಿಯಲ್ಲಿ ಜೆಲ್ ಪ್ಯಾಕ್ ಇಟ್ಟು, ಇನ್ಸುಲಿನ್ ಅದಕ್ಕೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ, ಪಕ್ಕದಲ್ಲೊಂದು ಥರ್ಮಾಮೀಟರ್ ಇಡಿ. ಈಗ ಬಳಸುತ್ತಿರುವ ಪೆನ್ನನ್ನು ಸಾಮಾನ್ಯವಾಗಿ ನಾಲ್ಕು ವಾರದವರೆಗೆ ಹೊರಗಿಡಬಹುದು. ಎಷ್ಟು ದಿನ, ಎಷ್ಟು ಸೆಖೆಯವರೆಗೆ ಎಂಬುದು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆಯಾಗುವುದರಿಂದ ಪೆಟ್ಟಿಗೆಯೊಳಗಿನ ಚೀಟಿ ಓದಿ, ಇಲ್ಲವೇ ಔಷಧಿ ಕೊಟ್ಟವರನ್ನು ಕೇಳಿ. ಟ್ರೇಲರಿನ ವೈರಿಂಗ್ ಎಷ್ಟೇ ಚೆನ್ನಾಗಿ ಮಾಡಿಸಿದರೂ ಒಂದು ಫ್ಯೂಸ್ ಹೋದರೆ ಸಾಕು, ಒಳಗಿನ ಫ್ರಿಜ್ ನಿಂತದ್ದು ಮುಂದೆ ಗಾಡಿ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಜೀವಕ್ಕೆ ಬೇಕಾದ ಔಷಧಿಯನ್ನು ಅದರ ಭರವಸೆಯ ಮೇಲೆ ಬಿಡಬಾರದು.

ಇನ್ನು ಫ್ರಿಜ್. ನಿಮಗೆ ಹೇಳಿದವರೆಲ್ಲ ಆಲ್ಟರ್ನೇಟರ್, ಜನರೇಟರ್ ಎಂದು ಕರೆಂಟು ಹುಟ್ಟುವ ಕಡೆಯನ್ನೇ ನೋಡುತ್ತಿದ್ದಾರೆ. ಫ್ರಿಜ್‌ಗೆ ಎಷ್ಟು ಬೇಕು ಎಂದು ಮೊದಲು ಲೆಕ್ಕ ಹಾಕೋಣ. 300 ಲೀಟರಿನ ಮನೆ ಫ್ರಿಜ್ ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಯೂನಿಟ್ ಉಣ್ಣುತ್ತದೆ. ಬಿಸಿಲಿಗೆ ಕಾದ, ಕಿಟಕಿ ಮುಚ್ಚಿದ ಟ್ರೇಲರಿನಲ್ಲಿ ಕಂಪ್ರೆಸರ್ ಹೆಚ್ಚು ಹೊತ್ತು ಓಡುವುದರಿಂದ ಸರಾಸರಿ 70 ವಾಟ್ ಎಂದು ಹಿಡಿಯಿರಿ. ಇನ್‌ವರ್ಟರಿನಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ನಷ್ಟವಾಗುತ್ತದೆ. ಫ್ರಿಜ್ ಸುಮ್ಮನಿದ್ದಾಗಲೂ ಇನ್‌ವರ್ಟರ್ ತನ್ನ ಪಾಲಿಗೆ 10ರಿಂದ 20 ವಾಟ್ ತಿನ್ನುತ್ತಿರುತ್ತದೆ. ಎಲ್ಲ ಸೇರಿ ಬ್ಯಾಟರಿಯಿಂದ ಹೊರಡುವುದು ಸುಮಾರು 95 ವಾಟ್. ಏಳು ಗಂಟೆಗೆ 665 ವಾಟ್-ಅವರ್, ಅಂದರೆ (1000 ವಾಟ್-ಅವರ್ ಒಂದು ಯೂನಿಟ್) ಮುಕ್ಕಾಲು ಯೂನಿಟ್ಟಿಗಿಂತ ಕಡಿಮೆ. 12 ವೋಲ್ಟ್ ಬ್ಯಾಟರಿಯ ಭಾಷೆಯಲ್ಲಿ, ಅದರ ನಿಜವಾದ ವೋಲ್ಟೇಜ್ ಸುಮಾರು 12.5ರಿಂದ ಭಾಗಿಸಿದರೆ, 53 ಆಂಪ್-ಅವರ್.

ನಿಮ್ಮ ಬ್ಯಾಟರಿಯ ಮೇಲೆ 100 ಎಂದು ಬರೆದಿದ್ದರೂ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಹೊಸದಾಗಿದ್ದಾಗಲೇ ಕೈಗೆ ಸಿಗುವುದು 50. ನಾಲ್ಕಾರು ಬಾರಿ ಪೂರ್ತಿ ಖಾಲಿಯಾಗಿರುವ ಹಳೆಯ ಬ್ಯಾಟರಿ ಅದರಲ್ಲೂ ಅರ್ಧ ಕೊಟ್ಟರೆ ಹೆಚ್ಚು. ಇನ್‌ವರ್ಟರ್ ಅರ್ಧ ದಾರಿಯಲ್ಲಿ ಕೂಗುವುದಕ್ಕೆ ಇಷ್ಟೇ ಸಾಕು. ನಿಮ್ಮ ಫ್ರಿಜ್ಜಿನಲ್ಲಿ ದೋಷವಿಲ್ಲ, ಇನ್‌ವರ್ಟರಿನಲ್ಲೂ ಬಹುಶಃ ಇಲ್ಲ.

ಹಾಗಾದರೆ 180 ಆಂಪ್‌ನ ಆಲ್ಟರ್ನೇಟರ್ ಏನು ಮಾಡುತ್ತಿದೆ? ಅದು ತನ್ನ ಕೆಲಸ ಮಾಡುತ್ತಿದೆ, ಆದರೆ ಅದರ ಶಕ್ತಿ ಟ್ರೇಲರಿಗೆ ತಲುಪುತ್ತಿಲ್ಲ. ದೊಡ್ಡ ಟ್ಯಾಂಕಿಗೆ ಕಡ್ಡಿಯಷ್ಟು ಸಪೂರ ಪೈಪು ಜೋಡಿಸಿದ ಹಾಗೆ, ನಡುವಿನ ವೈರು ತೆಳ್ಳಗಿದೆ. ಏಳು ಪಿನ್ನಿನ ಸಾಕೆಟ್ಟಿಗೆ ಬರುವ ಚಾರ್ಜಿಂಗ್ ವೈರು ಅನೇಕ ವಾಹನಗಳಲ್ಲಿ 2ರಿಂದ 5 ಚದರ ಮಿಲಿಮೀಟರಿನೊಳಗೇ ಇರುತ್ತದೆ. ನಿಮ್ಮದು 2.5 ಎಂದುಕೊಳ್ಳೋಣ. ವಾಹನದ ಬ್ಯಾಟರಿಯಿಂದ ಟ್ರೇಲರಿನ ಬ್ಯಾಟರಿಗೆ ಒಂಬತ್ತು ಮೀಟರ್. ಕರೆಂಟು ವಾಪಸ್ ಬರಬೇಕಾದ್ದರಿಂದ ಒಟ್ಟು ಹದಿನೆಂಟು. ಅಷ್ಟುದ್ದದ ತಾಮ್ರದ ವೈರಿನಲ್ಲಿ 10 ಆಂಪ್ ಹರಿದರೆ ದಾರಿಯಲ್ಲೇ ಒಂದೂಕಾಲು ವೋಲ್ಟ್ ಕಳೆದುಹೋಗುತ್ತದೆ. ಆಲ್ಟರ್ನೇಟರ್ 14.2 ಕೊಟ್ಟರೂ ಹಿಂದೆ ಸೇರುವುದು 12.9. ಪಿನ್ನು ತುಕ್ಕು ಹಿಡಿದಿದ್ದರೆ ಇನ್ನೂ ಕಡಿಮೆ. ಲೆಡ್ ಬ್ಯಾಟರಿ ತುಂಬಲು 14.4ರ ಆಸುಪಾಸು ಬೇಕು, 12.9ಕ್ಕೆ ಅದು ತುಂಬುವುದಿಲ್ಲ. ಬರುವ ಐದೋ ಎಂಟೋ ಆಂಪನ್ನು ಫ್ರಿಜ್ ಅಲ್ಲಿಂದಲ್ಲಿಗೇ ಮುಗಿಸಿಬಿಡುತ್ತದೆ.

ಈಗಿನ ವಾಹನಗಳಲ್ಲಿ ಇನ್ನೊಂದು ತೊಡಕಿದೆ. ಇಂಧನ ಉಳಿಸಲೆಂದು ಅವುಗಳ ಕಂಪ್ಯೂಟರ್, ವಾಹನದ ಬ್ಯಾಟರಿ ತುಂಬಿದ ಕೂಡಲೇ ಆಲ್ಟರ್ನೇಟರಿನ ವೋಲ್ಟೇಜನ್ನು 12.5ರ ಹತ್ತಿರಕ್ಕೆ ಇಳಿಸುತ್ತದೆ. ಬ್ರೇಕ್ ಒತ್ತಿದಾಗ ಮತ್ತೆ 15ರವರೆಗೆ ಏರಿಸುತ್ತದೆ. ವೋಲ್ಟೇಜ್ ಇಳಿದ ಹೊತ್ತಿನಲ್ಲಿ ಟ್ರೇಲರಿಗೆ ಬರುವುದು ಹೆಚ್ಚುಕಡಿಮೆ ಸೊನ್ನೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವವರಿಗೆ ಇದರ ಪೆಟ್ಟು ಹೆಚ್ಚು.

ನನ್ನ ಮಾತು ನಂಬಿ ಹಣ ಖರ್ಚು ಮಾಡಬೇಡಿ, ಅಳೆದು ನೋಡಿ. ಎಂಜಿನ್ ಅರ್ಧ ಗಂಟೆ ನಡೆಸಿ, ಟ್ರೇಲರಿನ ಪ್ಲಗ್ ಜೋಡಿಸಿ, ಫ್ರಿಜ್‌ನ ಕಂಪ್ರೆಸರ್ ಓಡುತ್ತಿರುವಾಗಲೇ ಮಲ್ಟಿಮೀಟರನ್ನು ಮೊದಲು ವಾಹನದ ಬ್ಯಾಟರಿಗೆ, ಆಮೇಲೆ ಟ್ರೇಲರಿನ ಬ್ಯಾಟರಿಗೆ ಹಿಡಿಯಿರಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ವೈರು ಅಥವಾ ಪಿನ್ನು ಸಾಲದು. ಎರಡೂ ಕಡೆ 12.6ರ ಕೆಳಗಿದ್ದರೆ ಆಲ್ಟರ್ನೇಟರೇ ವೋಲ್ಟೇಜ್ ಇಳಿಸಿಕೊಂಡಿದೆ. ಮುಂದೆ 14, ಹಿಂದೆ 12.3 ಇದ್ದು ಎಂಜಿನ್ ನಿಲ್ಲಿಸಿದರೂ ಹಿಂದಿನದು ಬದಲಾಗದಿದ್ದರೆ, ಚಾರ್ಜಿಂಗ್ ವೈರಿನ ಫ್ಯೂಸೇ ಹೋಗಿರಬಹುದು ಅಥವಾ ಅದನ್ನು ಹಾಕಿಯೇ ಇಲ್ಲದಿರಬಹುದು. ಕೆಲವು ವಾಹನಗಳಲ್ಲಿ ಆ ಫ್ಯೂಸನ್ನೋ ರಿಲೇಯನ್ನೋ ಮಾಲೀಕರೇ ಹಾಕಿಸಿಕೊಳ್ಳಬೇಕಾಗುತ್ತದೆ. ಇಂಥ ದೂರು ತಂದವರ ಟ್ರೇಲರ್‌ಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಈಗ ನೀವು ಕೇಳಿಬಂದ ಮಾತುಗಳು. ಓಡುವಾಗ ಕಂಪ್ರೆಸರ್ ನಡೆಸಬಾರದು ಎನ್ನುವುದು ನಿಜವಲ್ಲ. ಮನೆ ಫ್ರಿಜ್ಜಿನ ಕಂಪ್ರೆಸರಿನೊಳಗೆ ಮೋಟಾರು ಸ್ಪ್ರಿಂಗಿನ ಮೇಲೆ ಕೂತಿರುತ್ತದೆ, ರಸ್ತೆಯ ಸಾಮಾನ್ಯ ಕುಲುಕಾಟ ಅದಕ್ಕೆ ದೊಡ್ಡದಲ್ಲ. ಫ್ರಿಜ್ಜನ್ನು ಮಲಗಿಸಿ ಸಾಗಿಸಿದ ಮೇಲೆ ಕೆಲವು ಗಂಟೆ ಬಿಟ್ಟು ಚಾಲೂ ಮಾಡಿ ಎನ್ನುತ್ತಾರಲ್ಲ, ಆ ಮಾತು ಎಲ್ಲೋ ಬೆರೆತು ಹೀಗಾಗಿರಬೇಕು. ಓಡುವ ಟ್ರೇಲರಿನಲ್ಲಿ ನಿಜವಾಗಿ ಕೆಡುವುದು ಬಾಗಿಲಿನ ಹಿಡಿತ, ಒಳಗಿನ ಗಾಜಿನ ತಟ್ಟೆ ಮತ್ತು ಫ್ರಿಜ್ಜನ್ನು ಗೋಡೆಗೆ ಬಿಗಿದ ಸ್ಕ್ರೂ. ಮ್ಯಾಗ್ನೆಟ್ಟಿನ ಬಾಗಿಲು ತಿರುವಿನಲ್ಲಿ ತೆರೆದುಕೊಳ್ಳುತ್ತದೆ. ಹೊರಗಿನಿಂದೊಂದು ಚಿಲಕ ಹಾಕಿಸಲೇಬೇಕು.

ಜನರೇಟರ್ ವಿಷಯದಲ್ಲಿ ನನ್ನ ಉತ್ತರ ಒಂದೇ, ಬೇಡ. ಹೊತ್ತೊಯ್ಯುವ ಸಣ್ಣ ಜನರೇಟರ್ ಓಡುವ ವಾಹನದ ಮೇಲೆ ನಡೆಯಲೆಂದು ಮಾಡಿದ್ದಲ್ಲ. ಬಿಸಿ ಸೈಲೆನ್ಸರ್, ತುಳುಕುವ ಪೆಟ್ರೋಲ್, ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್, ಇಷ್ಟೂ ಟ್ರೇಲರಿನ ಮೂಗಿನ ಮೇಲೆ ಒಟ್ಟಿಗಿರುತ್ತವೆ. ಅದರ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಓಡುವಾಗ ಟ್ರೇಲರಿನೊಳಗೆ ತುಂಬಿಕೊಂಡದ್ದು, ನೀವು ನಿಲ್ಲಿಸಿ ಒಳಗೆ ಹೋದಾಗ ಅಲ್ಲೇ ಇರುತ್ತದೆ. ಅರ್ಧ ಯೂನಿಟ್ ಚಿಲ್ಲರೆ ಕರೆಂಟಿಗಾಗಿ ಇಷ್ಟು ಅಪಾಯ ತಂದುಕೊಳ್ಳಬಾರದು.

ಕೆಲವರು ವಾಹನದೊಳಗೇ ಇನ್‌ವರ್ಟರ್ ಇಟ್ಟು ಉದ್ದದ ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಟ್ರೇಲರಿಗೆ ಮನೆ ಕರೆಂಟು ಎಳೆಯುತ್ತಾರೆ. ತಿರುವಿನಲ್ಲಿ ಎಳೆತ, ಮಳೆ, ಕಲ್ಲೇಟು ಎಲ್ಲವನ್ನೂ ಆ ಒಂದು ವೈರು ತಡೆಯಬೇಕು. ಹರಿದು ಬಿದ್ದರೆ ಮುಟ್ಟಿದವರಿಗೆ ಶಾಕ್. ವಾಹನಕ್ಕೆ ಟ್ರೇಲರ್ ಸಿಕ್ಕಿಸುವ ಕೊಕ್ಕೆಯ ಜಾಗದಲ್ಲಿ 12 ವೋಲ್ಟ್ ಮಾತ್ರ ದಾಟಲಿ. ಇನ್ನೂ ಒಂದು ಎಚ್ಚರಿಕೆ: ಟ್ರೇಲರಿನ ಮುಖ್ಯ ಪ್ಲಗ್ಗನ್ನು ಅದರದೇ ಇನ್‌ವರ್ಟರಿಗೆ ಚುಚ್ಚಬೇಡಿ. ಒಳಗಿನ ಚಾರ್ಜರ್ ಎಚ್ಚೆತ್ತುಕೊಂಡು, ಬ್ಯಾಟರಿಯಿಂದ ತೆಗೆದದ್ದನ್ನೇ ಮತ್ತೆ ಬ್ಯಾಟರಿಗೆ ತುಂಬಲು ಹೋಗಿ, ದಾರಿಯಲ್ಲಿ ನಷ್ಟ ಮಾಡಿಕೊಂಡು ಬೇಗ ಖಾಲಿ ಮಾಡುತ್ತದೆ. ಇನ್‌ವರ್ಟರಿನಿಂದ ಫ್ರಿಜ್‌ಗೆ ಮಾತ್ರ ಪ್ರತ್ಯೇಕ ಸಾಕೆಟ್ ಇರಬೇಕು.

ನೀವು ಕೇಳದೆ ಇದ್ದರೂ ನನ್ನನ್ನು ಹೆಚ್ಚು ಕಾಡಿದ ವಿಷಯ ಬೇರೆಯಿದೆ. ನಿಮ್ಮ ಟ್ರೇಲರಿಗೆ ಎಲೆಕ್ಟ್ರಿಕ್ ಬ್ರೇಕ್ ಇದೆಯೇ? ಏಳು ಪಿನ್ನಿನ ದೊಡ್ಡ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಓಡುವಾಗ ಕೊಕ್ಕೆ ಕಳಚಿ ಟ್ರೇಲರ್ ಬೇರ್ಪಟ್ಟರೆ, ಒಂದು ತೆಳು ಕೇಬಲ್ ಪಿನ್ ಎಳೆದು, ಟ್ರೇಲರಿನ ಬ್ಯಾಟರಿಯಿಂದಲೇ ಎಲ್ಲ ಚಕ್ರಗಳ ಬ್ರೇಕ್ ಹಿಡಿಸುತ್ತದೆ. ಅಮೆರಿಕದಲ್ಲಿ ವಾಣಿಜ್ಯ ಸಾಗಣೆ ವಾಹನಗಳಿಗಿರುವ ಫೆಡರಲ್ ಮೋಟಾರ್ ಕ್ಯಾರಿಯರ್ ನಿಯಮದಲ್ಲಿ ಆ ಬ್ರೇಕ್ ಕನಿಷ್ಠ 15 ನಿಮಿಷ ಹಿಡಿದಿರಬೇಕೆಂದಿದೆ. ನಾಲ್ಕು ಚಕ್ರದಲ್ಲಿ ಬ್ರೇಕ್ ಹಿಡಿಸುವ ವಿದ್ಯುತ್ ಮ್ಯಾಗ್ನೆಟ್ಟಿಗೆ ಒಟ್ಟು ಸುಮಾರು 12 ಆಂಪ್. 15 ನಿಮಿಷಕ್ಕೆ 3 ಆಂಪ್-ಅವರ್ ಸಾಕು. ಆದರೆ ಫ್ರಿಜ್ ಬ್ಯಾಟರಿಯನ್ನು 10.5 ವೋಲ್ಟಿಗೆ ಇಳಿಸಿಟ್ಟಿದ್ದರೆ ಆ ಮೂರನ್ನೂ ಬ್ಯಾಟರಿ ಜೋರಾಗಿ ಕೊಡಲಾರದು, ಮ್ಯಾಗ್ನೆಟ್ ಹಿಡಿತ ಸಡಿಲ. ನಿಮ್ಮ ಇನ್‌ವರ್ಟರ್ ಅರ್ಧ ದಾರಿಯಲ್ಲಿ ಕೂಗಿ ನಿಂತಾಗಲೆಲ್ಲ ನೀವು ಉಳಿದ ದಾರಿಯನ್ನು ತುರ್ತು ಬ್ರೇಕ್ ಇಲ್ಲದಂತೆಯೇ ಓಡಿಸಿದ್ದೀರಿ ಎಂದು ತಿಳಿಯಿರಿ. ಹಾಲಿಗಿಂತ ದೊಡ್ಡ ವಿಷಯ ಇದು. ಇನ್‌ವರ್ಟರಿನಲ್ಲಿ ಕಡಿಮೆ ವೋಲ್ಟೇಜಿಗೆ ತಾನೇ ನಿಲ್ಲುವ ಸೆಟ್ಟಿಂಗ್ ಇದ್ದರೆ ಇವತ್ತೇ ಅದನ್ನು 11.8ರ ಸುತ್ತಮುತ್ತ ಏರಿಸಿ. ಇಲ್ಲವಾದರೆ ಬ್ರೇಕಿಗೆಂದೇ ಪ್ರತ್ಯೇಕ ಚಿಕ್ಕ ಬ್ಯಾಟರಿ ಹಾಕಿಸಿ. ಯುರೋಪಿನ ಕ್ಯಾರವಾನ್‌ಗಳಲ್ಲಿ ಈ ಕೇಬಲ್ ಹ್ಯಾಂಡ್‌ಬ್ರೇಕನ್ನೇ ಎಳೆಯುವುದರಿಂದ ಅವರಿಗೆ ಈ ಚಿಂತೆಯಿಲ್ಲ.

ಪರಿಹಾರಗಳಿಗೆ ಬರೋಣ. ದಿನಕ್ಕೆ ನಾಲ್ಕು ಗಂಟೆಯೊಳಗಿನ ಪ್ರಯಾಣವಾದರೆ ಫ್ರಿಜ್ ಆರಿಸಿಯೇ ಹೋಗಬಹುದು. ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ಆಹಾರ ಸುರಕ್ಷಿತ ಎನ್ನುವುದು ಅಮೆರಿಕದ ಕೃಷಿ ಇಲಾಖೆಯೂ ಕೊಡುವ ಲೆಕ್ಕ. ತುಂಬಿದ ಫ್ರೀಜರ್ ಎರಡು ದಿನ, ಅರ್ಧ ತುಂಬಿದ್ದರೆ ಒಂದು ದಿನ. ಹಿಂದಿನ ದಿನವೇ ಪ್ಲಗ್ ಹಾಕಿ ಪೂರ್ತಿ ತಣಿಸಿ, ಬಿಸಿ ಅಡುಗೆ ತುಂಬದೆ, ಖಾಲಿ ಜಾಗಕ್ಕೆ ತಣ್ಣನೆ ನೀರಿನ ಬಾಟಲಿ ಜೋಡಿಸಿ. ಏಳು ಗಂಟೆಗೆ ಇದು ಸಾಲದು. ಟ್ರೇಲರಿನೊಳಗೆ ಬಿಸಿಲ ಕಾವು ಹೆಚ್ಚಿದ್ದರೆ ನಾಲ್ಕನ್ನೂ ನಂಬಬೇಡಿ. ಒಳಗೆ 4 ಡಿಗ್ರಿ ದಾಟಿ ಎರಡು ಗಂಟೆ ಕಳೆದ ಹಾಲು, ಮಾಂಸ, ಬೇಯಿಸಿದ ಪದಾರ್ಥವನ್ನು ರುಚಿ ನೋಡಿ ನಿರ್ಧರಿಸದೆ ಚೆಲ್ಲಿಬಿಡಿ.

ನಿಮಗೆ ನಾನು ಮೊದಲು ಹೇಳುವುದು ಬ್ಯಾಟರಿ ಬದಲಾವಣೆ. 100 ಆಂಪ್-ಅವರ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 1280 ವಾಟ್-ಅವರ್ ಹಿಡಿಯುತ್ತದೆ, ಅದರಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ನಿರಾತಂಕವಾಗಿ ಬಳಸಬಹುದು. ನಿಮಗೆ ಬೇಕಾದದ್ದು 665. ವಾಹನದಿಂದ ಒಂದು ಆಂಪ್ ಬರದಿದ್ದರೂ ಏಳು ಗಂಟೆ ಕಳೆದು ಇನ್ನೂ ಉಳಿದಿರುತ್ತದೆ! ರಾತ್ರಿ ಪ್ಲಗ್ ಸಿಗುವ ಜಾಗದಲ್ಲೇ ತಂಗುವವರಿಗೆ ಇದಕ್ಕಿಂತ ಸರಳ ದಾರಿ ನನಗೆ ಕಾಣದು. ಅದರ ಷರತ್ತುಗಳನ್ನೂ ಹೇಳಬೇಕು. ಟ್ರೇಲರಿನ ಹಳೆಯ ಚಾರ್ಜರ್ ಲಿಥಿಯಂಗೆ ಬೇಕಾದ ವೋಲ್ಟೇಜ್ ಕೊಡದೆ ಹೋಗಬಹುದು, ಅದನ್ನೂ ಬದಲಿಸಬೇಕಾದೀತು. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಬಹಳ ಮುಖ್ಯವಾದದ್ದು, ಈಗಿರುವ ತೆಳು ಚಾರ್ಜಿಂಗ್ ವೈರಿಗೆ ಇದನ್ನು ನೇರವಾಗಿ ಜೋಡಿಸಬೇಡಿ. ಲಿಥಿಯಂ ಬ್ಯಾಟರಿ ಸಿಕ್ಕಷ್ಟು ಕರೆಂಟನ್ನು ಎಳೆದುಕೊಳ್ಳುವುದರಿಂದ ವೈರು ಬಿಸಿಯಾಗುತ್ತದೆ, ಫ್ಯೂಸ್ ಹಾರುತ್ತದೆ. ದಪ್ಪ ವೈರಿದ್ದರೆ ಎಂಜಿನ್ ನಿಧಾನಕ್ಕೆ ತಿರುಗುವಾಗ ಆಲ್ಟರ್ನೇಟರೇ ಸುಡಬಹುದು.

ಅದನ್ನು ತಡೆಯಲು ಇರುವುದು ಡಿಸಿ-ಡಿಸಿ ಚಾರ್ಜರ್. ಮುಂದಿನಿಂದ ಬರುವ ವೋಲ್ಟೇಜ್ 12 ಇರಲಿ, 15 ಇರಲಿ, ಅದು ಒಳಗೆ 14.4 ಮಾಡಿ, ನಿಗದಿಯಾದಷ್ಟೇ ಆಂಪ್ ಕೊಡುತ್ತದೆ. 30 ಆಂಪ್‌ನದು ಹಾಕಿಸಿದರೆ ಫ್ರಿಜ್ ತಿಂದು ಉಳಿದದ್ದರಲ್ಲೇ ಖಾಲಿ ಬ್ಯಾಟರಿ ಸುಮಾರು ಐದು ಗಂಟೆಯಲ್ಲಿ ತುಂಬುತ್ತದೆ. 30 ಕೊಡಲು ಅದು ವಾಹನದಿಂದ 35ರಿಂದ 40 ಆಂಪ್ ಎಳೆಯುತ್ತದೆ. ಏಳು ಪಿನ್ನಿನ ಸಾಕೆಟ್ಟಿನಲ್ಲಿ ಗಂಟೆಗಟ್ಟಲೆ ಅಷ್ಟು ಹರಿಸಿದರೆ ಪಿನ್ನು ಕರಗಿದ್ದನ್ನು ನಾನು ಕೆಲಸದಲ್ಲಿ ನೋಡಿದ್ದೇನೆ. ಅದಕ್ಕೆ 16 ಚದರ ಮಿಲಿಮೀಟರಿನ ಪ್ರತ್ಯೇಕ ವೈರು, ಪ್ಲಸ್ ಮೈನಸ್ ಎರಡೂ, ಹಿಂದೆ ಆ್ಯಂಡರ್ಸನ್ ಮಾದರಿಯ 50 ಆಂಪ್ ಪ್ಲಗ್ ಹಾಕಿಸಿ. ಎರಡೂ ಬ್ಯಾಟರಿಗಳ ಹತ್ತಿರ, ಗೇಣುದ್ದದೊಳಗೆ, ಒಂದೊಂದು ಫ್ಯೂಸ್ ಇರಲಿ. ವೈರಿನ ಎರಡು ತುದಿಯಲ್ಲೂ ಬ್ಯಾಟರಿಯಿರುವುದರಿಂದ ನಡುವೆ ಎಲ್ಲಿ ಉಜ್ಜಿ ಶಾರ್ಟ್ ಆದರೂ ಎರಡೂ ಕಡೆಯಿಂದ ಬೆಂಕಿಗೆ ಕರೆಂಟು ಸಿಗುತ್ತದೆ. ಒಂದೇ ಫ್ಯೂಸ್ ಹಾಕಿ ಕೈ ತೊಳೆದುಕೊಳ್ಳುವ ಮೆಕ್ಯಾನಿಕ್ ಸಿಕ್ಕರೆ ಒಪ್ಪಬೇಡಿ. ಎಂಜಿನ್ ನಿಂತಾಗ ಚಾರ್ಜರ್ ತಾನೂ ನಿಲ್ಲುವಂತೆ ಇಗ್ನಿಷನ್ ವೈರು ಕೊಡಿಸಿ. ಇಲ್ಲವಾದರೆ ಊಟಕ್ಕೆ ನಿಲ್ಲಿಸಿದ ಹೊತ್ತಿನಲ್ಲಿ ವಾಹನದ ಬ್ಯಾಟರಿ ಇಳಿದು ಸ್ಟಾರ್ಟ್ ಆಗದೆ ಹೋಗಬಹುದು. ವೈರಿಗೆ ಕೈಹಾಕಲು ಇಷ್ಟವಿಲ್ಲದಿದ್ದರೆ, ಈಗಿರುವ ವೈರು ತಾಳುವಷ್ಟಕ್ಕೆ, ಅಂದರೆ 10 ಆಂಪ್ ಆಸುಪಾಸಿನ ಚಿಕ್ಕ ಚಾರ್ಜರ್ ಸಾಕು. ಫ್ರಿಜ್ ತಿನ್ನುವಷ್ಟು ಹೆಚ್ಚುಕಡಿಮೆ ಅಷ್ಟರಲ್ಲೇ ಬಂದುಬಿಡುತ್ತದೆ.

ಸೋಲಾರ್ ಬಗ್ಗೆ ಎರಡು ಮಾತು. ಛಾವಣಿಗೆ ಅಂಗಾತ ಮಲಗಿಸಿದ 200 ವಾಟ್‌ನ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ 600ರಿಂದ 750 ವಾಟ್-ಅವರ್ ಕೊಡಬಹುದು. ಮೋಡ, ಮರದ ನೆರಳು, ಚಳಿಗಾಲದಲ್ಲಿ ಅದರ ಕಾಲು ಭಾಗವೂ ಬರದೆ ಹೋಗಬಹುದು. ಪ್ಲಗ್ ಸಿಗದ ಜಾಗದಲ್ಲಿ ಎರಡು ಮೂರು ದಿನ ನಿಲ್ಲುವವರಿಗೆ ಅದು ಬೇಕೇ ಬೇಕು. ನಿಮ್ಮ ಪ್ರಯಾಣಕ್ಕೆ ಅದೊಂದನ್ನೇ ನಂಬಬೇಡಿ.

ಈಗಿರುವ ಇನ್‌ವರ್ಟರನ್ನೂ ಒಮ್ಮೆ ನೋಡಿ. ಮನೆ ಕರೆಂಟಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇರಬೇಕು. ಮೆಟ್ಟಿಲಿನಂಥ ಅಲೆ ಕೊಡುವ ಅಗ್ಗದ ಮಾಡಿಫೈಡ್ ಸೈನ್ ಆಗಿದ್ದರೆ ಕಂಪ್ರೆಸರ್ ಮೋಟಾರು ಹೆಚ್ಚು ಬಿಸಿಯಾಗಿ ಬೇಗ ಕೆಡುತ್ತದೆ. ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಎಳೆಯುತ್ತದೆ, ಮಂಜು ಕರಗಿಸುವ ಹೀಟರಿಗೆ 300ರಿಂದ 500 ವಾಟ್ ಬೇಕಾಗಬಹುದು. ಹಾಗಾಗಿ 1000 ವಾಟ್‌ನದು ಸರಿ. ಅದು ಪೂರ್ತಿ ಎಳೆದರೆ 12 ವೋಲ್ಟ್ ಕಡೆ 80 ಆಂಪ್ ದಾಟುವುದರಿಂದ ಬ್ಯಾಟರಿಯ ಪಕ್ಕದಲ್ಲೇ, ಮೊಳದುದ್ದದ ದಪ್ಪ ಕೇಬಲ್ಲಿನಲ್ಲಿ ಕೂರಿಸಿ. ಮುಂದೆ ಎಂದಾದರೂ ಈ ಫ್ರಿಜ್ ಬದಲಿಸುವ ಕಾಲ ಬಂದರೆ, ನೇರ 12 ವೋಲ್ಟಿನಲ್ಲಿ ಓಡುವ ಕಂಪ್ರೆಸರ್ ಫ್ರಿಜ್ ಕೊಳ್ಳಿ. ಇನ್‌ವರ್ಟರಿನ ಕಾಟವೇ ಇರುವುದಿಲ್ಲ, ಇದೇ ಏಳು ಗಂಟೆ ಸುಮಾರು 25 ಆಂಪ್-ಅವರಿನಲ್ಲಿ ಮುಗಿಯುತ್ತದೆ.

ಹಳೆಯ ಗ್ಯಾಸ್ ಫ್ರಿಜ್ಜನ್ನೇ ಇಟ್ಟುಕೊಂಡಿರುವ ಓದುಗರಿಗೂ ಇಲ್ಲೇ ಹೇಳಿಬಿಡುತ್ತೇನೆ. ಅದು ಕಂಪ್ರೆಸರಿಲ್ಲದೆ ಶಾಖದ ಬಲದಿಂದಲೇ ತಣಿಸುವ ಫ್ರಿಜ್. ಅದರ 12 ವೋಲ್ಟ್ ವ್ಯವಸ್ಥೆ ಬರೀ ಹೀಟರ್ ಕಾಯಿಲ್, ಎಡೆಬಿಡದೆ 10ರಿಂದ 15 ಆಂಪ್ ಎಳೆಯುತ್ತದೆ. ವೋಲ್ಟೇಜ್ 12ರಿಂದ 10.5ಕ್ಕೆ ಇಳಿದರೆ ಅದರ ಶಾಖ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. ಅದು ಮೊದಲೇ ತಣ್ಣಗಿದ್ದುದನ್ನು ಕಾಯ್ದುಕೊಳ್ಳುತ್ತದೆ, ಬಿಸಿಯಿದ್ದುದನ್ನು ತಣಿಸಲಾರದು. ಎಂಜಿನ್ ನಿಂತೊಡನೆ ಆರಿಸಿ. ಓಡುವಾಗ ಗ್ಯಾಸಿನಲ್ಲಿ ನಡೆಸುವುದಕ್ಕೆ ಕೆಲವು ಕಡೆ ಅವಕಾಶವಿದೆ, ಕೆಲವು ಕಡೆ ನಿಷೇಧವಿದೆ. ಅವಕಾಶವಿದ್ದಲ್ಲಿಯೂ ಪೆಟ್ರೋಲ್ ಬಂಕಿಗೆ ತಿರುಗುವ ಮುನ್ನ ಉರಿ ಆರಿಸಿ ಸಿಲಿಂಡರ್ ಮುಚ್ಚಲೇಬೇಕು. ಟೈರ್ ಸಿಡಿದು ಗ್ಯಾಸ್ ಪೈಪ್ ಹರಿಯುವ ಸಾಧ್ಯತೆ ಇರುವುದರಿಂದ ನಾನು ಯಾರಿಗೂ ಅದನ್ನು ಸಲಹೆ ಮಾಡುವುದಿಲ್ಲ.

ಕೆಲಸ ಮುಗಿದ ಮೇಲೆ ನೇರವಾಗಿ ಪ್ರಯಾಣಕ್ಕೆ ಹೊರಡಬೇಡಿ. ಮನೆಯ ಮುಂದೆ ನಿಲ್ಲಿಸಿಕೊಂಡೇ, ಬಿಸಿಲಿರುವ ಒಂದು ದಿನ ಬೆಳಿಗ್ಗೆ ಪ್ಲಗ್ ಕಿತ್ತು, ಫ್ರಿಜ್ ತುಂಬ ನೀರಿನ ಬಾಟಲಿ ಇಟ್ಟು, ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಅದ್ದಿಟ್ಟು ಎಂಟು ಗಂಟೆ ಇನ್‌ವರ್ಟರಿನಲ್ಲೇ ನಡೆಸಿ. ಲೆಡ್ ಬ್ಯಾಟರಿ ಉಳಿಸಿಕೊಂಡಿದ್ದರೆ ಆಮೇಲೆ ಫ್ರಿಜ್ ಆರಿಸಿ ಒಂದು ಗಂಟೆ ಬಿಟ್ಟು ಅಳೆಯಿರಿ: 12.1ಕ್ಕಿಂತ ಕೆಳಗಿದ್ದರೆ ಅದು ಈ ಕೆಲಸಕ್ಕೆ ಸಾಲದು. ಲಿಥಿಯಂನಲ್ಲಿ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯದೆ ಮೋಸ ಮಾಡುವುದರಿಂದ ಶಂಟ್ (ಒಳಹೋಗುವ, ಹೊರಬರುವ ಕರೆಂಟನ್ನು ಅಳೆಯುವ ಸಾಧನ) ಇರುವ ಬ್ಯಾಟರಿ ಮೀಟರ್ ಹಾಕಿಸಿಕೊಂಡು ಅದರಲ್ಲಿ ನೋಡಿ, ನೂರಕ್ಕೆ ಮೂವತ್ತು ಉಳಿದಿದ್ದರೆ ನೆಮ್ಮದಿ. ಅದೇ ದಿನ ತುರ್ತು ಬ್ರೇಕನ್ನೂ ಪರೀಕ್ಷಿಸಿ. ಟ್ರೇಲರನ್ನು ಕೊಕ್ಕೆಗೆ ಸಿಕ್ಕಿಸಿ, ಏಳು ಪಿನ್ನಿನ ಪ್ಲಗ್ ಬಿಚ್ಚಿ, ಬ್ರೇಕ್ ಪಿನ್ ಎಳೆದು, ವಾಹನವನ್ನು ತೀರ ನಿಧಾನಕ್ಕೆ ಮುಂದಕ್ಕೆ ಬಿಡಿ. ಟ್ರೇಲರಿನ ಚಕ್ರಗಳು ತಿರುಗದೆ ಬಿಗಿಯಾಗಿ ಹಿಡಿದಿರಬೇಕು. ನೋಡಿದ ಕೂಡಲೇ ಪಿನ್ನನ್ನು ವಾಪಸ್ ಸಿಕ್ಕಿಸಿ, ಇಲ್ಲವಾದರೆ ಬ್ರೇಕಿನ ಮ್ಯಾಗ್ನೆಟ್ ಬಿಸಿಯಾಗುತ್ತದೆ, ಬ್ಯಾಟರಿಯೂ ಇಳಿಯುತ್ತದೆ.